ಥಿಂಕ್ ಮಾಡುವವನೂ ಬಲಗಡೆಯ ಹೂವೂ

ಹೋದ ವಾರ ಕರೆಂಟ್ ಮೀಟರ್ ಓದುವವನು ಬಂದ. ಗೇಟಿನ ಹತ್ತಿರವೇ ನಿಂತು, "ಮೀಟ್ರು ಎಲ್ಲದೆ ಸಾ?" ಎಂದ.

"ಐ ಥಿಂಕ್, ಹಿಂದುಗಡೆ ಗೋಡೇಲಿದೆ" ಎಂದೆ.

ಅವನು ಒಂದು ಸಲ ನನ್ನನ್ನು, ಒಂದು ಸಲ ಮನೆಯನ್ನು ನೋಡಿದ. "ನಿಮ್ಮನೇನೇ ತಾನೆ ಸಾ ಇದು?"

ನನ್ನದೇ. ಕಟ್ಟಿಸಿ ಬಹಳ ವರ್ಷವಾಯಿತು. ಮೀಟರನ್ನು ಹಿಂದುಗಡೆಯ ಗೋಡೆಗೇ ಹಾಕಬೇಕೆಂದು ವೈರಿಂಗಿನವನ ಜೊತೆ ಜಗಳವಾಡಿದವನೂ ನಾನೇ. ಆದರೂ ಬಾಯಿ ತೆರೆದರೆ ಮೊದಲು ಹೊರಗೆ ಬರುವುದು ಆ ಐ ಥಿಂಕ್. ಉಳಿದ ಮಾತು ಅದರ ಹಿಂದೆ ಮೆಲ್ಲಗೆ ಬರುತ್ತದೆ, ಮಗುವನ್ನು ಮುಂದೆ ಬಿಟ್ಟುಕೊಂಡು ಮದುವೆ ಮನೆಗೆ ನುಗ್ಗುವ ಕರೆಯದ ನೆಂಟನ ಹಾಗೆ. ಹೆಸರೇನು ಎಂದು ಯಾರಾದರೂ ಕೇಳಿದಾಗ ಮಾತ್ರ ಇನ್ನೂ ಅದನ್ನು ಬಳಸಿಲ್ಲ. ಐ ಥಿಂಕ್, ಬಳಸಿಲ್ಲ.

ಈ ಚಟ ಎಲ್ಲಿ ಹತ್ತಿತು ಎಂದು ಅವನು ಹೋದ ಮೇಲೆ ಕೂತು ಯೋಚಿಸಿದೆ. ನಂಜನಗೂಡಿನಲ್ಲಂತೂ ಅಲ್ಲ. ಕಪಿಲಾ ನದಿಯ ಕಡೆಗೆ ಇಳಿಯುವ ನಮ್ಮ ಬೀದಿಯಲ್ಲಿ ಯಾರೂ ಥಿಂಕ್ ಮಾಡುತ್ತಿರಲಿಲ್ಲ. ಅವರಿಗೆ ಅನ್ನಿಸುತ್ತಿತ್ತು, ಅಷ್ಟೆ. ನಮ್ಮಮ್ಮನಿಗೆ ಅನ್ನಿಸುವುದು ಬೆಳಗಿನ ಕಾಫಿಗೂ ಮೊದಲೇ ಶುರುವಾಗುತ್ತಿತ್ತು. "ಇವತ್ತು ಯಾರೋ ಬರ್ತಾರೆ ಅನ್ನಿಸ್ತು ಕಣೋ, ಒಂದು ಪಾವು ಅಕ್ಕಿ ಜಾಸ್ತಿ ಹಾಕ್ದೆ" ಎನ್ನುತ್ತಿದ್ದಳು. ಮಧ್ಯಾಹ್ನ ಚಾಮರಾಜನಗರದ ಕಡೆಯವರು ಯಾರಾದರೂ ಬಂದೇಬಿಟ್ಟರೆ ಅದು ವರ್ಷಗಟ್ಟಲೆ ಮನೆಯಲ್ಲಿ ಮಾತಾಗುತ್ತಿತ್ತು. ಯಾರೂ ಬಾರದ ದಿನ ಮಿಕ್ಕ ಅನ್ನ ಮಾರನೆಯ ಬೆಳಿಗ್ಗೆ ಚಿತ್ರಾನ್ನವಾಗಿ ನಮ್ಮ ಹೊಟ್ಟೆ ಸೇರುತ್ತಿತ್ತು, ಅದು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ನಾವು ಎಷ್ಟು ಚಿತ್ರಾನ್ನ ತಿಂದು ಬೆಳೆದೆವು ಎಂದು ನೆನೆಸಿಕೊಂಡರೆ ಅಮ್ಮನ ಅನ್ನಿಸಿಕೆಗಳ ಯೋಗ್ಯತೆ ಗೊತ್ತಾಗುತ್ತದೆ. ಇದನ್ನು ನಾನು ಅವಳಿಗೆ ಹೇಳಿದೆ ಕೂಡ. "ಚಿತ್ರಾನ್ನ ಚೆನ್ನಾಗಿತ್ತು ತಾನೆ?" ಎಂದಳು.

ಹೀಗೆ ಅನ್ನಿಸುವವರ ಮಧ್ಯದಿಂದ ಎದ್ದು ನಾನು ಮೈಸೂರಿಗೆ ಹೋಗಿ ಇಂಗ್ಲಿಷ್ ಎಂ.ಎ. ಓದಿದೆ. ಎಪ್ಪತ್ತರ ದಶಕದ ಮಾತು. ಪದಗಳ ಚರಿತ್ರೆಯ ಕ್ಲಾಸು ಮಧ್ಯಾಹ್ನ ಊಟವಾದ ಮೇಲೆ ಇರುತ್ತಿತ್ತು. ಹಾಸ್ಟೆಲಿನ ಹುಳಿಯನ್ನ ತಿಂದು ಬಂದವನಿಗೆ ಯಾವ ಪದಕ್ಕೂ ಚರಿತ್ರೆ ಇರುವುದು ಬೇಡವಾಗಿರುತ್ತಿತ್ತು. ಥಿಂಕ್ ಎಂಬ ಕ್ರಿಯಾಪದದ ಪಾಠ ನಡೆದ ದಿನ ಮೊದಲರ್ಧ ಎಚ್ಚರವಾಗಿದ್ದೆ. ಆ ಎಚ್ಚರದಲ್ಲಿ ನನಗೆ ತಿಳಿದದ್ದು ಇಷ್ಟು: ಥಿಂಕ್ ಎನ್ನುವುದು ಮನುಷ್ಯ ತಾನೇ ಮಾಡುವ ಕೆಲಸ. 'ಐ' ಎಂಬವನು ಮುಂದೆ ಕೂತು ಸ್ಟೇರಿಂಗ್ ಹಿಡಿದಿರುತ್ತಾನೆ. ನಮ್ಮ ಕನ್ನಡದ 'ನನಗೆ ಅನ್ನಿಸುತ್ತದೆ'ಯಲ್ಲಿ 'ನನಗೆ' ಎಂಬವನು ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿರುತ್ತಾನೆ, ಬಸ್ಸು ಎಲ್ಲಿಗೆ ಹೋದರೆ ಅಲ್ಲಿಗೆ.

ಇದು ಮೇಷ್ಟ್ರು ಹೇಳಿದ್ದೋ ನಾನೇ ನಿದ್ದೆಯ ಅಂಚಿನಲ್ಲಿ ಕಟ್ಟಿಕೊಂಡದ್ದೋ ಈಗ ಖಾತ್ರಿಯಿಲ್ಲ. ಆದರೆ ಆಗ ಇದೊಂದು ದೊಡ್ಡ ಸಿದ್ಧಾಂತವಾಗಿ ಕಂಡಿತು. ಅವರ ದೇಶದಲ್ಲಿ ಉಗಿಬಂಡಿ ಓಡಿದ್ದಕ್ಕೂ ನಮ್ಮ ಬೀದಿಯ ಕೊಳಾಯಿಯಲ್ಲಿ ನೀರು ಬಾರದಿರುವುದಕ್ಕೂ ಇದೇ ಕಾರಣ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎನ್ನುವುದನ್ನು ಆಗ ಗಮನಿಸಲಿಲ್ಲ.

ರಜೆಗೆ ಊರಿಗೆ ಬಂದಾಗಲೆಲ್ಲ ಈ ಸಿದ್ಧಾಂತವನ್ನು ನಮ್ಮ ಮನೆಯ ಜಗಲಿಯ ಮೇಲೆ ಬಿಚ್ಚುತ್ತಿದ್ದೆ. ಕೇಳುವವರು ಹೆಚ್ಚಾಗಿ ನಮ್ಮ ಸುಬ್ಬಣ್ಣ ಚಿಕ್ಕಪ್ಪನೊಬ್ಬರೇ. ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ನೋಡಿಕೊಂಡವರು ಅವರೇ. ಬೀದಿಯ ಕೊನೆಯಲ್ಲಿರುವ ಪುಟ್ಟ ಆಂಜನೇಯನ ಗುಡಿಗೆ ಅರ್ಚಕರು. ಊರಿನ ದೊಡ್ಡ ದೇವಸ್ಥಾನಕ್ಕೆ ಪರಸ್ಥಳದವರೆಲ್ಲ ಬರುತ್ತಿದ್ದರು. ಈ ಆಂಜನೇಯನ ಹತ್ತಿರ ಬರುತ್ತಿದ್ದವರು ಬೀದಿಯವರು, ಅದೂ ಏನಾದರೂ ತೀರ್ಮಾನವಾಗಬೇಕಾದಾಗ. ಯಾಕೆಂದರೆ ಅವನು ಹೂ ಕೊಡುತ್ತಿದ್ದ.

ನಿಮ್ಮ ಕಡೆಯೂ ಇದು ಇರಬಹುದು. ಶನಿವಾರ ಬೆಳಿಗ್ಗೆ ದೇವರಿಗೆ ನೀರು ಹಾಕಿ, ಒದ್ದೆ ಕಲ್ಲಿನ ಮೇಲೆಯೇ ಎರಡೂ ಭುಜಕ್ಕೆ ಹೂ ಅಂಟಿಸುತ್ತಾರೆ. ಕೇಳಬೇಕಾದವರು ಎದುರಿಗೆ ಕೈಮುಗಿದು ನಿಂತು ವಿಷಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ದೇವರ ಬಲಭುಜದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಭುಜದ್ದು ಬಿದ್ದರೆ ಬೇಡ ಎಂದು. ಹಸು ಮಾರುವುದು, ಹೊಲ ಕೊಳ್ಳುವುದು, ಆಪರೇಷನ್ ಮಾಡಿಸುವುದು, ಮಗನನ್ನು ಪಾಲಿಟೆಕ್ನಿಕ್‌ಗೆ ಸೇರಿಸುವುದು, ಎಲ್ಲಕ್ಕೂ ಹೀಗೇ. ಎದುರುಮನೆಯ ಕಾಂತಮ್ಮನವರು ರೇಡಿಯೋ ಕೊಳ್ಳುವುದಕ್ಕೂ ಕೇಳಿದ್ದರು. ಬಲಗಡೆ ಬಿತ್ತು. ಮರ್ಫಿಯೋ ಬುಷ್ಷೋ ಎಂದು ಕೇಳಲು ಮರೆತು ಬಂದು ಪೇಚಾಡಿದರು.

ನಮ್ಮ ಆಂಜನೇಯ ಬಹಳ ಮಟ್ಟಿಗೆ ಬಲಗಡೆಯೇ ಕೊಡುತ್ತಿದ್ದ. ಬೀದಿಯವರಿಗೆ ಅದು ಅವನ ದೊಡ್ಡ ಗುಣ. ನನಗೆ ಅದು ಅನುಮಾನದ ಸಂಗತಿ. ಒಂದು ಸಲ ರಜೆಯಲ್ಲಿ ಬಂದಾಗ ಗುಡಿಯ ಬಾಗಿಲಲ್ಲಿ ನಿಂತು ನೋಡಿದೆ. ಎತ್ತರದ ಹಿತ್ತಾಳೆ ದೀಪದ ಕಂಬ ದೇವರ ಬಲಕ್ಕೆ ಇತ್ತು. ತಲೆಯಲ್ಲಿ ಗಂಟೆ ಹೊಡೆದ ಹಾಗಾಯಿತು. ದೀಪದ ಶಾಖಕ್ಕೆ ಬಲಭುಜ ಮೊದಲು ಒಣಗುತ್ತದೆ, ಒಣಗಿದ ಕಡೆಯ ಹೂ ಮೊದಲು ಬೀಳುತ್ತದೆ. ಇದಕ್ಕೆ ದೇವರು ಯಾಕೆ ಬೇಕು?

ಆ ಸಂಜೆ ಜಗಲಿಯ ಮೇಲೆ ಚಿಕ್ಕಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಥಿಂಕ್‌ನಿಂದ ಶುರುಮಾಡಿ ದೀಪಕ್ಕೆ ಬಂದು ಮುಗಿಸಿದೆ. "ನಾವು ಯೋಚನೆಯನ್ನೂ ನಾವು ಮಾಡಲ್ಲ ಚಿಕ್ಕಪ್ಪ. ಹೂವಿಗೆ ವಹಿಸಿಬಿಡ್ತೀವಿ" ಎಂದೆ. ಈ ವಾಕ್ಯ ನನಗೆ ಬಹಳ ಹಿಡಿಸಿ, ಇನ್ನೊಂದು ಸಲ ಹೇಳಿದೆ.

ಚಿಕ್ಕಪ್ಪ ಎಲೆಗೆ ಸುಣ್ಣ ಸವರುತ್ತ, "ಹಂಗಂತೀಯಾ?" ಎಂದರು. ಅಷ್ಟೇ. ಗೆದ್ದೆ ಎಂದುಕೊಂಡೆ.

ಓದು ಮುಗಿದ ಮೇಲೆ ಕೆಲಸ ಸಿಕ್ಕಿದ್ದು ತಿ. ನರಸೀಪುರದ ಒಂದು ಕಾಲೇಜಿನಲ್ಲಿ. ನಂಜನಗೂಡಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಕಾಲೇಜಿನ ಲೈಬ್ರರಿಯಲ್ಲಿ ಇಂಗ್ಲಿಷಿನ ಒಂದು ದೊಡ್ಡ ನಿಘಂಟಿತ್ತು. ಯಾರೂ ಅದನ್ನು ತೆರೆಯುತ್ತಿರಲಿಲ್ಲ. ಫ್ಯಾನಿನ ಗಾಳಿಗೆ ಹಾರದಂತೆ ದಿನಪತ್ರಿಕೆಗಳ ಮೇಲೆ ಇಡುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಸಿದ್ಧಾಂತಕ್ಕೆ ಇನ್ನಷ್ಟು ಪುರಾವೆ ಸಿಗಲೆಂದು ಅದನ್ನು ತೆಗೆದು ಥಿಂಕ್ ಇರುವ ಪುಟ ನೋಡಿದೆ. ನೋಡಬಾರದಿತ್ತು.

ಕ್ಲಾಸಿನಲ್ಲಿ ನಾನು ನಿದ್ದೆ ಮಾಡಿದ ಉತ್ತರಾರ್ಧ ಅಲ್ಲಿತ್ತು. ಹಳೆಯ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳಿದ್ದವಂತೆ, ಅಕ್ಕಪಕ್ಕದ ಮನೆಯವರ ಹಾಗೆ. ಒಂದಕ್ಕೆ ಯೋಚಿಸು ಎಂದರ್ಥ, ಇನ್ನೊಂದಕ್ಕೆ ತೋರು, ಅನ್ನಿಸು ಎಂದರ್ಥ. ಶತಮಾನಗಳು ಉರುಳಿ ಎರಡರ ಉಚ್ಚಾರವೂ ಸವೆದು ಒಂದೇ ಆಗಿಹೋಯಿತು. ಈಗ ಥಿಂಕ್ ಎನ್ನುವುದರೊಳಗೆ ಇಬ್ಬರೂ ವಾಸ. ಅಷ್ಟೇ ಅಲ್ಲ, ಯೋಚಿಸು ಎನ್ನುವುದೇ ಅನ್ನಿಸು ಎನ್ನುವುದರಿಂದ ಹುಟ್ಟಿದ್ದು: ತನಗೆ ತೋರುವಂತೆ ಮಾಡಿಕೊಳ್ಳುವುದು. ಅವರ ಹಿಂದಿನವರು 'ಮೀಥಿಂಕ್ಸ್' ಎನ್ನುತ್ತಿದ್ದರು. ಅಂದರೆ, ನನಗೆ ಅನ್ನಿಸುತ್ತದೆ. ನಮ್ಮಮ್ಮನ ಹಾಗೇ, ಹಿಂದಿನ ಸೀಟಿನಲ್ಲಿ ಕೂತವರು. ಅಲ್ಲಿಯ ಅಜ್ಜಿಯರೂ ಯಾರೋ ಬರುತ್ತಾರೆ ಅನ್ನಿಸಿ ಒಂದು ಪಾವು ಜಾಸ್ತಿ ಬೇಯಿಸಿರಬೇಕು.

ನಾಲ್ಕು ವರ್ಷ ಜಗಲಿಯ ಮೇಲೆ ಮಾಡಿದ ಭಾಷಣ ನೆನಪಿಗೆ ಬಂದು ನಿಘಂಟನ್ನು ಮುಚ್ಚಿ ಪತ್ರಿಕೆಗಳ ಮೇಲೆ ಇಟ್ಟೆ. ಆದರೆ ಅದಕ್ಕೂ ಮೊದಲು ಕೆಳಗಿನ ಸಾಲೂ ಕಣ್ಣಿಗೆ ಬಿದ್ದಿತ್ತು: ಥ್ಯಾಂಕ್ ಎನ್ನುವುದೂ ಥಿಂಕ್‌ನ ಮನೆತನದ್ದೇ. ಒಬ್ಬರ ಉಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅದೇ ಥ್ಯಾಂಕ್ಸ್. ಆ ದಿನವೋ ಮಾರನೆಯ ದಿನವೋ ಮುಡುಕುತೊರೆ ಕಡೆಯ ರೈತರೊಬ್ಬರು ತೋಳಿನಲ್ಲಿ ಒಂದು ಸೀಗುಂಬಳ ಹಿಡಿದು ಸ್ಟಾಫ್ ರೂಮಿಗೆ ಬಂದರು. ಅವರ ಮಗ ಇಂಗ್ಲಿಷಿನಲ್ಲಿ ಪಾಸಾಗಿದ್ದ. ಹೇಗೆ ಪಾಸಾದ ಎಂದು ನನಗೂ ಅವನಿಗೂ ಗೊತ್ತಿರಲಿಲ್ಲ. "ನಿಮ್ಮುನ್ನ ಸಾಯಗಂಟ ನೆನುಸ್ಕತೀವಿ ಸಾ" ಎಂದರು ಅವರು. ನಮ್ಮ ಕಡೆ ಹಳ್ಳಿಯವರು ಥ್ಯಾಂಕ್ಸ್ ಎನ್ನುವುದಿಲ್ಲ, ನೆನೆಸಿಕೊಳ್ಳುತ್ತಾರೆ. ಅಂದರೆ ಎರಡು ದೇಶದವರೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಜಗಲಿಗೆ ಬಂದು ಕೂತಿದ್ದಾರೆ. ಸೀಗುಂಬಳ ಹಿಡಿದುಕೊಂಡು ಎರಡು ನಿಮಿಷ ಹಾಗೇ ನಿಂತೆ. ಈಗ ಅನುಮಾನ ಬರುತ್ತದೆ: ನಿಘಂಟು ತೆರೆದದ್ದೂ ಕುಂಬಳ ಬಂದದ್ದೂ ಅಷ್ಟು ಹತ್ತಿರ ಹತ್ತಿರ ಇರಲು ಸಾಧ್ಯವೇ? ನನ್ನ ನೆನಪಿಗೆ ಘಟನೆಗಳನ್ನು ಒಪ್ಪವಾಗಿ ಜೋಡಿಸುವ ಕೆಟ್ಟ ಚಾಳಿಯಿದೆ. ಕುಂಬಳ ಮಾತ್ರ ನಿಜ; ಬಸ್ಸಿನಲ್ಲಿ ಅದಕ್ಕೆ ಕಂಡಕ್ಟರು ಲಗೇಜ್ ಹಾಕಿದ.

ಹಾಗೆ ನಿಂತವನನ್ನು ನೋಡಿ ನಕ್ಕವಳು ವಿಶಾಲಾಕ್ಷಿ. ಸಸ್ಯಶಾಸ್ತ್ರದ ಲೆಕ್ಚರರು, ನರಸೀಪುರದವಳೇ, ಅಲ್ಲಿಯ ನಿವೃತ್ತ ಹೆಡ್ಮಾಸ್ಟರೊಬ್ಬರ ಮಗಳು. ಕುಂಬಳದ ನೆಪದಲ್ಲಿ ಮಾತು ಶುರುವಾಯಿತು. ನಾನು ಥಿಂಕ್‌ನ ಪೂರ್ತಿ ಚರಿತ್ರೆಯನ್ನು, ಈ ಸಲ ಉತ್ತರಾರ್ಧ ಸಮೇತ, ಅವಳಿಗೆ ಹೇಳಿದೆ. ದೀಪದ ಸಿದ್ಧಾಂತವನ್ನೂ ಹೇಳಿದೆ. ಅವಳು ಗಮನವಿಟ್ಟು ಕೇಳಿ, "ಯಾವ ಹೂವು?" ಎಂದಳು.

"ಅಂದ್ರೆ?"

"ಕಣಗಿಲೆಯಾ, ಸೇವಂತಿಗೆಯಾ? ತೊಟ್ಟು ಬೇರೆ, ತೂಕ ಬೇರೆ. ನೀವು ದೀಪ ಈ ಕಡೆ ಇಟ್ಟು, ಆ ಕಡೆ ಇಟ್ಟು ನೋಡಿದೀರಾ?"

"ಇಲ್ಲ. ಐ ಥಿಂಕ್…"

"ಸರಿ ಬಿಡಿ" ಎಂದಳು.

ಈ 'ಸರಿ ಬಿಡಿ'ಯನ್ನು ಅವಳು ಅಂದ ರೀತಿಯಲ್ಲಿ ಏನೋ ಇತ್ತು. ಅಂದಿನಿಂದ ನನಗೆ ಸಂಜೆಯ ಬಸ್ಸು ಬೇಗ ಬರುತ್ತಿದೆ ಎಂದು ಅನ್ನಿಸತೊಡಗಿತು. ಒಂದು ದಿನ ಅವಳು ಊಟದ ಡಬ್ಬಿಯಿಂದ ನಿಂಬೆಹಣ್ಣಿನ ಚಿತ್ರಾನ್ನ ಕೊಟ್ಟಳು. ಬಾಲ್ಯವಿಡೀ ಚಿತ್ರಾನ್ನ ತಿಂದು ಬೇಸತ್ತವನು ಕೈ ತೊಳೆಯಲು ಮನಸ್ಸಿಲ್ಲದೆ ಮುಂದಿನ ಪಾಠಕ್ಕೆ ಹೋದೆ.

ಭಾನುವಾರ ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಕೂತು, "ಅಮ್ಮ, ನರಸೀಪುರದಲ್ಲಿ ಒಬ್ಬರಿದಾರೆ" ಎಂದೆ.

"ಯಾರು, ಮಂಡಿನೋವಿಗೆ ಔಷಧಿ ಕೊಡೋರಾ?"

"ಅಲ್ಲ. ನಮ್ಮ ಕಾಲೇಜಲ್ಲಿ ಪಾಠ ಮಾಡ್ತಾರೆ. ವಿಶಾಲಾಕ್ಷಿ ಅಂತ."

ಅಮ್ಮ ಮೊರ ಕೆಳಗಿಟ್ಟಳು. "ನಮ್ಮೋರಾ?"

"ಹೂಂ. ಐ ಥಿಂಕ್, ಅವರಿಗೂ ಒಪ್ಪಿಗೆ ಇದೆ."

"ಕನ್ನಡದಲ್ಲಿ ಹೇಳೋ."

"ಒಪ್ಪಿಗೆ ಇರಬಹುದು ಅನ್ನಿಸುತ್ತೆ. ಚಿತ್ರಾನ್ನ ಕೊಟ್ಟಿದ್ದರು."

"ಮಿಕ್ಕಿದ್ರೆ ನಾನು ಹಸುಗೂ ಕೊಡ್ತೀನಿ" ಎಂದಳು ಅಮ್ಮ. ಆದರೂ ಆ ವಾರವೇ ಚಿಕ್ಕಪ್ಪನನ್ನು ಕಳಿಸಿ ವಿಚಾರಿಸಿದಳು. ಮನೆತನ ಸರಿಯಿತ್ತು, ಜಾತಕ ಕೂಡಿತು. ಹೆಡ್ಮಾಸ್ಟರು ಒಂದೇ ಮಾತು ಹೇಳಿ ಕಳಿಸಿದ್ದರು: ಕೊಳ್ಳೇಗಾಲದ ಕಡೆಯ ಇಂಜಿನಿಯರೊಬ್ಬರ ಸಂಬಂಧವೂ ಬಂದಿದೆ, ಹುಣ್ಣಿಮೆ ಕಳೆದ ಭಾನುವಾರ ಅವರು ಬರುತ್ತಾರೆ, ಅಷ್ಟರೊಳಗೆ ನಿಮ್ಮ ತೀರ್ಮಾನ ತಿಳಿಸಿದರೆ ಅನುಕೂಲ.

"ನಮ್ಮ ತೀರ್ಮಾನವೇನು, ಆಂಜನೇಯನ್ನ ಒಂದು ಮಾತು ಕೇಳಿಬಿಟ್ಟರಾಯ್ತು" ಎಂದಳು ಅಮ್ಮ.

ಬೇರೆ ದಿನವಾಗಿದ್ದರೆ ನಾನು ಜಗಲಿ ಹತ್ತಿ ಭಾಷಣ ಬಿಗಿಯುತ್ತಿದ್ದೆ. ಅಂದು ಸುಮ್ಮನಿದ್ದೆ. ಯಾಕೆಂದು ನೀವು ಊಹಿಸಿರುತ್ತೀರಿ. ದೀಪ ಬಲಕ್ಕಿತ್ತು. ಬಲಭುಜ ಮೊದಲು ಒಣಗುತ್ತದೆ. ನನ್ನ ವಿಜ್ಞಾನದ ಪ್ರಕಾರ ದೇವರು ಒಪ್ಪಲೇಬೇಕು. ಶನಿವಾರ ಬೆಳಿಗ್ಗೆ ಕಪಿಲೆಯಲ್ಲಿ ಮುಳುಗಿ, ಪಂಚೆಯುಟ್ಟು, ಇಷ್ಟು ಭಕ್ತಿಯಿಂದ ನಾನು ಯಾವತ್ತೂ ಗುಡಿಗೆ ಹೋದವನಲ್ಲ.

ಒಳಗೆ ಕಾಲಿಟ್ಟವನು ಮೊದಲು ನೋಡಿದ್ದು ದೇವರನ್ನಲ್ಲ, ದೀಪವನ್ನು. ಅದು ಬಲಕ್ಕೆ ಇರಲಿಲ್ಲ. ಸರಿಯಾಗಿ ಮಧ್ಯಕ್ಕೆ, ದೇವರ ಪಾದದ ಎದುರಿಗೆ ಇತ್ತು.

"ಚಿಕ್ಕಪ್ಪ, ದೀಪ?"

"ನೀನೇ ಹೇಳಿದ್ಯಲ್ಲೋ" ಎಂದರು ಚಿಕ್ಕಪ್ಪ, ಹೂ ಅಂಟಿಸುತ್ತ. "ಓದಿದೋನು, ಹೇಳಿದ್ರಲ್ಲಿ ಏನೋ ಇರಬಹುದು ಅನ್ನಿಸ್ತು. ದೇವರ ಮೇಲೆ ಯಾಕೆ ಅಪವಾದ ಬರಬೇಕು ಅಂತ ಆವಾಗ್ಲೇ ಮಧ್ಯಕ್ಕೆ ಇಟ್ಟೆ. ಈಗ ಯಾರೂ ಏನೂ ಅನ್ನೋ ಹಾಗಿಲ್ಲ."

ನನ್ನ ಭಾಷಣವನ್ನು ಜೀವಮಾನದಲ್ಲಿ ಒಬ್ಬರೇ ಒಬ್ಬರು ಕಿವಿಗೆ ಹಾಕಿಕೊಂಡಿದ್ದರು, ಅದೂ ಹೀಗೆ.

ಮಂಗಳಾರತಿಯಾಯಿತು. ಅಮ್ಮ ಕಣ್ಣು ಮುಚ್ಚಿ ನಿಂತಳು. ನಾನು ಕಣ್ಣು ಮುಚ್ಚದೆ ನಿಂತೆ. ಬಲಗಡೆಯ ಹೂ ಅಲುಗಲಿಲ್ಲ. ಎಡಗಡೆಯದೂ ಅಲುಗಲಿಲ್ಲ. ಕಾಂತಮ್ಮನವರು ಬಂದು, ಪ್ರದಕ್ಷಿಣೆ ಹಾಕಿ, ತೀರ್ಥ ತೆಗೆದುಕೊಂಡು, ನಮ್ಮನ್ನು ಎರಡು ಸಲ ತಿರುಗಿ ನೋಡಿ ಹೋದರು. ನನ್ನ ಬಸ್ಸಿನ ಹೊತ್ತು ಮೀರಿತು. ಹೂ ಎರಡೂ ಕಲ್ಲಿಗೆ ಹುಟ್ಟಿದ ಹಾಗೆ ಕೂತಿದ್ದವು.

"ಏನು ಸುಬ್ಬಣ್ಣ ಇದು?" ಎಂದಳು ಅಮ್ಮ.

ಚಿಕ್ಕಪ್ಪ ದೇವರ ಮುಖ ನೋಡಿ, "ಯೋಚನೆ ಮಾಡ್ತಾ ಇದಾನೆ ಅತ್ತಿಗೆ" ಎಂದರು. "ಮುಂದಿನ ಶನಿವಾರ ಕೇಳೋಣ."

ನಮ್ಮಲ್ಲಿ ಯಾರೂ ಯೋಚನೆ ಮಾಡುವುದಿಲ್ಲ ಎಂದು ಸಾರಿಕೊಂಡು ಬಂದವನಿಗೆ, ಯೋಚನೆ ಮಾಡುವ ದೇವರು ಸಿಕ್ಕಿದ್ದು ಹೀಗೆ. ಅವನೋ ಆತುರವಿಲ್ಲದವನು. ಹುಣ್ಣಿಮೆ ಹತ್ತಿರವಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ವಿಶಾಲಾಕ್ಷಿ ತಾನಾಗಿ ಏನೂ ಕೇಳುತ್ತಿರಲಿಲ್ಲ. ನಾನು ಅವಳನ್ನು ಕಂಡರೆ ನಿಘಂಟಿನ ಹಿಂದೆ ಸೇರಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ಇಂಗ್ಲಿಷಿನ ಬಹಳ ಪದಗಳ ಚರಿತ್ರೆ ತಿಳಿದುಕೊಂಡೆ.

ಮುಂದಿನ ಶನಿವಾರವೂ ದೇವರು ಯೋಚನೆ ಮಾಡಿದ. ಅದರ ಮುಂದಿನದು ಕೊನೆಯ ಶನಿವಾರ. ಮಾರನೆಯ ದಿನ ಇಂಜಿನಿಯರ ಕಡೆಯವರು ಬರುವವರಿದ್ದರು. ನಾನು ಶುಕ್ರವಾರ ಸಂಜೆ ಚಿಕ್ಕಪ್ಪನ ಹತ್ತಿರ ಹೋದೆ.

"ಚಿಕ್ಕಪ್ಪ, ದೀಪ ಮೊದಲಿದ್ದ ಜಾಗದಲ್ಲೇ ಇರಲಿ."

"ಯಾಕೋ ಕಂಠಿ? ಶಾಖ, ಗೀಖ ಅಂದಿದ್ದೆ?"

"ನಮ್ಮ ತಾತನ ಕಾಲದಿಂದ ಬಲಕ್ಕೇ ಇದ್ದದ್ದು. ಸಂಪ್ರದಾಯ ಕೆಡಿಸಬಾರದು."

ಚಿಕ್ಕಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ಅವರ ಮೀಸೆಯ ತುದಿ ಸ್ವಲ್ಪ ಅಲುಗಿದ ಹಾಗೆ ನೆನಪು. ಚಿಕ್ಕಪ್ಪನಿಗೆ ಮೀಸೆ ಇರಲಿಲ್ಲ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹಾಗಾದರೆ ಬೇರೆ ಏನೋ ಅಲುಗಿರಬೇಕು. "ಆಗಲಿ" ಎಂದರು.

ಬೆಳಿಗ್ಗೆ ದೀಪ ಬಲಕ್ಕಿತ್ತು. ಬತ್ತಿಯನ್ನೂ ಒಂದಿಷ್ಟು ಏರಿಸಿದ್ದರು, ನನ್ನ ವಿಜ್ಞಾನಕ್ಕೆ ಯಾವ ಕೊರತೆಯೂ ಆಗದಿರಲಿ ಎಂಬಂತೆ. ಜ್ವಾಲೆ ಬಲಭುಜದ ಕಡೆಗೇ ಬಾಗಿ ಉರಿಯುತ್ತಿತ್ತು. ಮಂಗಳಾರತಿ ಮುಗಿದು ಗಂಟೆಯ ಸದ್ದು ಅಡಗುವ ಹೊತ್ತಿಗೆ ಹೂ ಬಿತ್ತು.

ಎಡಗಡೆ.

ಮೆಲ್ಲಗೆ, ಯಾವ ಸಂಕೋಚವೂ ಇಲ್ಲದೆ, ಬಿತ್ತು. ಇಲ್ಲಿ ನನ್ನ ಒಳಗೆ ಏನಾಯಿತು ಎಂದು ಹೇಳಬೇಕು. ನಾನು ನಂಬದವನು. ಬಿದ್ದದ್ದು ಒಂದು ಸೇವಂತಿಗೆ, ಬೀಳಿಸಿದ್ದು ಭೂಮಿಯ ಸೆಳೆತ. ಇದು ಗೊತ್ತಿದ್ದೂ ಕೈಮುಗಿದೆ. ಒಂದೇ ನಿಮಿಷದಲ್ಲಿ ನಾನು ದೇವರ ಕಡೆಯ ವಕೀಲನಾದೆ. ಅವಳು ಸಸ್ಯಶಾಸ್ತ್ರ, ನಾನು ಇಂಗ್ಲಿಷ್, ಹೊಂದುವುದು ಹೇಗೆ. ಅವಳು ಪ್ರಶ್ನೆ ಜಾಸ್ತಿ ಕೇಳುತ್ತಾಳೆ. ಇಂಜಿನಿಯರಾದರೆ ಕ್ವಾರ್ಟರ್ಸ್ ಕೊಡುತ್ತಾರೆ, ಪಾಪ ಸುಖವಾಗಿರಲಿ. ಇಷ್ಟೆಲ್ಲ ಕಾರಣಗಳನ್ನು ನಾನು ಹುಡುಕಿಕೊಂಡೆನೋ, ತಾವಾಗಿಯೇ ತೋರಿದವೋ, ಆ ನಿಘಂಟು ಬರೆದವರೇ ಹೇಳಬೇಕು.

"ಬೇಡ ಅಂದ" ಎಂದರು ಚಿಕ್ಕಪ್ಪ ಸಣ್ಣ ದನಿಯಲ್ಲಿ. ಅವರ ಕಣ್ಣು ಒದ್ದೆಯಾಗಿತ್ತು.

"ಹೋಗಲಿ ಬಿಡಮ್ಮ" ಎಂದೆ ನಾನು. "ಮೂರು ಶನಿವಾರ ಕಾದು ಹೇಳಿದಾನೆ. ಏನೋ ಇರುತ್ತೆ."

ಅಮ್ಮ ಬಗ್ಗಿ ಬಿದ್ದ ಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡಳು. ಅದನ್ನು ಸೆರಗಿನ ತುದಿಗೆ ಕಟ್ಟಿದಳು. ಆಮೇಲೆ ದೇವರ ಕಡೆ ತಿರುಗಿ, ಮನೆಯಲ್ಲಿ ನನ್ನನ್ನು ನೋಡುವ ಹಾಗೆ ನೋಡಿದಳು.

"ಇವನೋ ಬ್ರಹ್ಮಚಾರಿ" ಎಂದಳು. "ಮದುವೆ ಸಮಾಚಾರ ಇವನಿಗೇನು ಗೊತ್ತು? ಇವನನ್ನ ಕೇಳಿದ್ದೇ ನಮ್ಮ ತಪ್ಪು."

"ಅತ್ತಿಗೆ" ಎಂದರು ಚಿಕ್ಕಪ್ಪ ಗಾಬರಿಯಿಂದ, "ದೇವರ ಮಾತು."

"ಕೇಳಿಸ್ಕೊಂಡೆನಲ್ಲ ಸುಬ್ಬಣ್ಣ. ಕಣ್ಣಿಗೂ ಒತ್ತಿಕೊಂಡೆ. ಹಸು, ಹೊಲ ಆಗಿದ್ರೆ ಇವನು ಹೇಳಿದ ಹಾಗೇ. ಇದು ಇವನ ಖಾತೆ ಅಲ್ಲ." ನನ್ನ ಕಡೆ ತಿರುಗಿದಳು. "ನರಸೀಪುರಕ್ಕೆ ಬಸ್ಸು ಎಷ್ಟೊತ್ತಿಗೋ?"

"ಐ ಥಿಂಕ್…"

"ಎದ್ದು ನಡಿ."

ಇಡೀ ದಾರಿ ನಾನು ಬಸ್ಸಿನಲ್ಲಿ ಅದನ್ನೇ ತಿರುವಿ ಹಾಕಿದೆ. ನಂಬದವನು ಹೂವಿಗೆ ಹೆದರಿ ಕೂತಿದ್ದ. ನಂಬುವವಳು ದೇವರಿಗೇ ಎದುರುತ್ತರ ಕೊಟ್ಟು, ಕಿಟಕಿಯ ಪಕ್ಕ ಕೂತು, ಕಬ್ಬಿನ ಗದ್ದೆ ನೋಡುತ್ತ ಬರುತ್ತಿದ್ದಳು. ನಂಬಿಕೆ ಎಂದರೆ ಹೇಳಿದ್ದನ್ನೆಲ್ಲ ಕೇಳುವುದು ಎಂದುಕೊಂಡಿದ್ದೆ. ಅಮ್ಮನಿಗೆ ಅದು ಮನೆಯವರೊಡನೆ ಇರುವಂಥ ಸಲಿಗೆ. ಮುನಿಸಿಕೊಳ್ಳಬಹುದು, ಮೀರಬಹುದು, ಮುಂದಿನ ಶನಿವಾರ ಮತ್ತೆ ಹೋಗಿ ಕೈಮುಗಿಯಬಹುದು. ಮುಂದಿನ ಶನಿವಾರ ಅವಳು ಹೋದಳು ಕೂಡ. ಆದರೆ ಅದಕ್ಕೆ ಇನ್ನೂ ಒಂದು ವಾರವಿತ್ತು. ಸದ್ಯಕ್ಕೆ ನಾವು ಹೆಡ್ಮಾಸ್ಟರ ಮನೆಯ ಹಜಾರದಲ್ಲಿದ್ದೆವು.

ಹೇಳದೆ ಕೇಳದೆ ಬಂದವರನ್ನು ಕಂಡು ಆ ಮನೆಯಲ್ಲಿ ಗಡಿಬಿಡಿಯಾಯಿತು. ಚಾಪೆ ಹಾಸಿದರು, ಮತ್ತೆ ಅದನ್ನು ಸುತ್ತಿ ಜಮಖಾನ ಹಾಸಿದರು. ಒಳಗೆ ಒಗ್ಗರಣೆ ಸಿಡಿಯುವ ಸದ್ದು ಕೇಳಿಸಿತು. ಹೆಡ್ಮಾಸ್ಟರು ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು ಕೂತು, ಕ್ಷೇಮಸಮಾಚಾರ ಮುಗಿಸಿ, ಗಂಟಲು ಸರಿಮಾಡಿಕೊಂಡರು.

"ದೇವರಲ್ಲಿ ಕೇಳ್ತಾ ಇದೀರಿ ಅಂತ ನಿಮ್ಮ ಮೈದುನರು ಹೇಳಿ ಕಳಿಸಿದ್ರು. ಏನಾಯ್ತು?"

"ಇವತ್ತು ಬೆಳಿಗ್ಗೆ ಕೊಟ್ಟ" ಎಂದಳು ಅಮ್ಮ. "ಎಡಗಡೆ."

ಹೆಡ್ಮಾಸ್ಟರು ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. "ಎಡಗಡೆ ಅಂದ್ರೆ, ಬೇಡ ಅಂತಲ್ವಾ?"

"ಹೌದು. ಅವನು ಬೇಡ ಅಂದ. ನಾವು ಬಂದ್ವಿ."

ಅವರು ನನ್ನನ್ನು ನೋಡಿದರು. ವಿದ್ಯಾವಂತ, ಇವನಾದರೂ ಬಿಡಿಸಿ ಹೇಳುತ್ತಾನೆ ಎಂದು ಕಾದರು. ನನಗೆ ಆ ಹೊತ್ತಿಗೆ ಒಂದು ತಟ್ಟೆ ಕೊಟ್ಟಿದ್ದರು. ನಾನು ತಟ್ಟೆಯನ್ನು ನೋಡಿದೆ.

ವಿಶಾಲಾಕ್ಷಿ ಕಾಫಿ ಲೋಟಗಳನ್ನು ಹಿಡಿದು ನಡುಮನೆಯ ಬಾಗಿಲಲ್ಲಿ ಬಂದು ನಿಂತಳು. ಅಮ್ಮ ಅವಳನ್ನು ನೋಡಿದ್ದು ಅದೇ ಮೊದಲು. ತಲೆಯಿಂದ ಕಾಲಿನವರೆಗೂ ಅಲ್ಲ, ಮುಖವನ್ನಷ್ಟೇ ನೋಡಿದಳು. ಜಮಖಾನದ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಬಾ ಮಗು, ಕೂತ್ಕೋ. ಅವನು ಹೇಳಿದ್ದಾಯ್ತು, ಇವರೆಲ್ಲ ಹೇಳಿದ್ದೂ ಆಯ್ತು. ನಿನಗೇನನ್ನಿಸುತ್ತೆ?"

ವಿಶಾಲಾಕ್ಷಿ ಕಾಫಿಯನ್ನು ನೆಲದ ಮೇಲಿಟ್ಟಳು. ಕೂತಳು. ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದಲ್ಲಿ ಪ್ರೀತಿಯಿತ್ತು ಎಂದು ಬರೆಯಲು ಆಸೆ, ಆದರೆ ಪ್ರಯೋಗದಲ್ಲಿ ತಪ್ಪು ಮಾಡಿದ ವಿದ್ಯಾರ್ಥಿಯನ್ನು ನೋಡುವ ಹಾಗಿತ್ತು ಎನ್ನುವುದೇ ಸರಿ.

"ಇವರು ಸ್ಟಾಫ್ ರೂಮಿನಲ್ಲಿ ಥಿಂಕ್ ಅನ್ನೋ ಒಂದು ಪದದ ಮೇಲೆ ನನಗೆ ತಿಂಗಳುಗಟ್ಟಲೆ ಪಾಠ ಮಾಡಿದಾರೆ" ಎಂದಳು ಅಮ್ಮನಿಗೆ. "ದೇವರನ್ನೂ ಕೇಳಿದಾರೆ. ಇದೊಂದು ಮಾತು ನನ್ನನ್ನ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ. ಕೇಳಿದೋರು ನೀವೊಬ್ಬರೇ."

ಅಮ್ಮ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಕಾದಳು.

"ನಿಮ್ಮ ಮನೆಗೆ ಬರ್ತೀನಿ" ಎಂದಳು ವಿಶಾಲಾಕ್ಷಿ.

ಹೀಗೆ ಅವರಿಬ್ಬರ ಮದುವೆಯಲ್ಲಿ ನಾನು ಗಂಡಾದೆ. ಆಗ ನಾನು ಕಂಬಕ್ಕೊರಗಿ ನಿಂತಿದ್ದೆ, ಕೈಯಲ್ಲಿ ಉಪ್ಪಿಟ್ಟಿತ್ತು. ಅವಲಕ್ಕಿ ಎನ್ನುತ್ತಾಳೆ ವಿಶಾಲಾಕ್ಷಿ. ಇರಬಹುದು. ತಲೆಯಲ್ಲಿ ಆ ಹೊತ್ತು ಒಂದೂ ಪದವಿರಲಿಲ್ಲ. ತಟ್ಟೆ ಮಾತ್ರ ಒಂದು ಕಡೆಗೆ ವಾಲುತ್ತಿತ್ತು, ಅದನ್ನು ಹೆಡ್ಮಾಸ್ಟರು ನೋಡಿ ತೆಗೆದಿಟ್ಟರು.